ಪತ್ರ ನನ್ನದು, ತೀರ್ಮಾನ ನನ್ನದಲ್ಲ

ಇವರನ್ನು ರಮಾ ಅಂತ ಕರೆಯೋಣ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬೆಂಗಳೂರಿನಲ್ಲಿರುವ ಒಂದು ದೊಡ್ಡ ಕಂಪನಿಯ ಕಾರ್ಪೊರೇಟ್ ಕಮ್ಯುನಿಕೇಷನ್ ವಿಭಾಗಕ್ಕೆ, ಅಂದರೆ ನೌಕರರಿಗೂ ಮಾಧ್ಯಮಕ್ಕೂ ಕಂಪನಿಯ ಮಾತು ತಲುಪಿಸುವ ವಿಭಾಗಕ್ಕೆ, ಅವರೇ ಮುಖ್ಯಸ್ಥೆ.

ಆಪ್ತಸಲಹೆಗೆಂದು ನನ್ನ ಹತ್ತಿರ ಮೊದಲು ಬಂದಾಗ ನಿದ್ದೆ ಬರಲ್ಲ ಅಂದರು. ಫೋನನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡಿದ್ದರು. ಎರಡು ನಿಮಿಷಕ್ಕೊಮ್ಮೆ ಎತ್ತಿ ನೋಡುವುದು, ಮತ್ತೆ ಮಗುಚುವುದು. ರಾತ್ರಿಯೂ ಅದು ದಿಂಬಿನ ಪಕ್ಕದಲ್ಲೇ. "ಏನಾದ್ರೂ ಸುದ್ದಿ ಬಂದ್ಬಿಟ್ರೆ?"

ಅಸಲು ನೋವು ಹೊರಬಂದಿದ್ದು ಎರಡನೇ ಭೇಟಿಯಲ್ಲಿ. ಕಂಪನಿ ಒಂದು ವಿಭಾಗವನ್ನೇ ಮುಚ್ಚಿತ್ತು. ಇವರಿಗೆ ತಿಳಿಸಿದ್ದು ಸಂಜೆ 6ಕ್ಕೆ. ಬೆಳಿಗ್ಗೆ 9ಕ್ಕೆ ನೌಕರರಿಗೆ ಪತ್ರ ಹೋಗಬೇಕಿತ್ತು. ರಾತ್ರಿಯೆಲ್ಲ ಕೂತು ಬರೆದರು. ಮರುದಿನ ಲಿಫ್ಟಿನಲ್ಲಿ ಕೆಲಸ ಕಳೆದುಕೊಂಡವರೊಬ್ಬರು ಸಿಕ್ಕಿ ಕೇಳಿದರಂತೆ: "ಮೇಡಂ, ಅದನ್ನ ನೀವೇ ಬರೆದಿದ್ದಾ?" ಇದನ್ನು ಹೇಳುತ್ತಾ ರಮಾ ತುಂಬಾ ಹೊತ್ತು ಅತ್ತರು.

ಈ ಕೆಲಸ ಈಗ ಪತ್ರಿಕಾ ಪ್ರಕಟಣೆ ಕಳಿಸುವಷ್ಟಕ್ಕೆ ಮುಗಿಯುವುದಿಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮವನ್ನೇ ನೋಡಿ. ಮಾಧ್ಯಮದ ಗಾಳಿಸುದ್ದಿಯಿಂದ ಷೇರು ಬೆಲೆ ಜೋರಾಗಿ ಅಲುಗಾಡಿದರೆ, ಕಂಪನಿ 24 ಗಂಟೆಯೊಳಗೆ ಹೌದು ಅಥವಾ ಅಲ್ಲ ಅಂತ ಸ್ಪಷ್ಟಪಡಿಸಬೇಕು. 2024ರ ಜೂನ್‌ನಲ್ಲಿ ಇದು ಷೇರುಪೇಟೆಯಲ್ಲಿರುವ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳಿಗೆ ಬಂತು, ಡಿಸೆಂಬರ್‌ನಲ್ಲಿ ಮೊದಲ 250ಕ್ಕೆ. ಹೊಣೆ ಹೀಗೆ ಬೆಳೆಯುತ್ತಿದೆ. ರಮಾ ವಿಷಯದಲ್ಲಿ, ಬೆಳೆಯದಿದ್ದದ್ದು ತೀರ್ಮಾನದ ಹೊತ್ತಿನಲ್ಲಿ ಅವರಿಗಿದ್ದ ಮಾತು. ಸುಸ್ತಿಗೆ ಮೂಲ ಇದೇ ಅಂತ ನನಗೆ ಅನ್ನಿಸಿತು. ಬರೀ ಧ್ಯಾನ, ಪ್ರಾಣಾಯಾಮ ಹೇಳಿ ಕಳಿಸಿದ್ದರೆ ಅನ್ಯಾಯವಾಗುತ್ತಿತ್ತು.

ಎದೆ ಹೊಡೆದುಕೊಳ್ಳುತ್ತೆ ಅಂದಿದ್ದರಿಂದ ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಸಿದೆ. ಒಂದು ಕಡೆ 'ನಾನು ತೀರ್ಮಾನಿಸಿದ್ದು', ಇನ್ನೊಂದು ಕಡೆ 'ನಾನು ಹೇಳಿದ್ದು'. ವಿಭಾಗ ಮುಚ್ಚಿದ್ದನ್ನು ಅವರು ಮೊದಲ ಕಡೆಯೇ ಬರೆದರು. ಅದನ್ನು ಅವರ ಕೈಯಿಂದಲೇ ಹೊಡೆದುಹಾಕಿಸಲು ಎರಡು ಭೇಟಿ ಬೇಕಾಯಿತು.

ಇನ್ನು ಫೋನು. ನಿಯಮ ಕೊಟ್ಟಿರುವುದು 24 ಗಂಟೆ, 24 ನಿಮಿಷ ಅಲ್ಲ, ಅಲ್ವಾ? ರಾತ್ರಿ ಸರದಿಯನ್ನು ತಂಡದವರ ಜೊತೆ, ಇಂಥ ನಿಯಮಗಳ ಪಾಲನೆ ನೋಡಿಕೊಳ್ಳುವ ಕಂಪನಿ ಸೆಕ್ರೆಟರಿಯ ಜೊತೆ ಹಂಚಿಕೊಳ್ಳಿ ಅಂದೆ.

ಜಾಸ್ತಿ ಹೊತ್ತು ಕೂತಿದ್ದು ಮೂರನೆಯದರ ಮೇಲೆ, ಅಂದರೆ ತೀರ್ಮಾನದ ಹೊತ್ತಿನಲ್ಲಿ ಮಾತಾಡುವುದರ ಮೇಲೆ. "ನನ್ನನ್ನೂ ಮೀಟಿಂಗಿಗೆ ಕರೀರಿ" ಅಂತ ಸುಮ್ನೆ ಕೇಳಿದರೆ ಬಾಗಿಲು ತೆರೆಯುವುದು ಕಷ್ಟ. ನೌಕರರು ಕೇಳಲಿರುವ ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಹೋಗಿ ಅಂದೆ. ಅವು ಕಂಪನಿಯಲ್ಲಿ ಬೇರೆ ಯಾರಿಗೂ ನಿಮ್ಮಷ್ಟು ಚೆನ್ನಾಗಿ ಗೊತ್ತಿರುವುದಿಲ್ಲ. ಎಂಡಿ ಮುಂದೆ ಹೇಗೆ ಕೇಳಬೇಕೆಂದು ನನ್ನ ಕೋಣೆಯಲ್ಲೇ ಅಭ್ಯಾಸ ಮಾಡಿದೆವು. ಮೊದಲ ಸಲ ಅವರ ದನಿಯೇ ಏಳಲಿಲ್ಲ.

ಹೋದ ತಿಂಗಳು ಬಂದಿದ್ದರು. ಇನ್ನೊಂದು ಪತ್ರ ಬರೆಯಬೇಕಿತ್ತಂತೆ, ಕಚೇರಿ ಸ್ಥಳಾಂತರದ್ದು. ಈ ಸಲ ಅವರನ್ನು ಒಂದು ವಾರ ಮೊದಲೇ ಮೀಟಿಂಗಿಗೆ ಕರೆದರು. ರಮಾ ಕೇಳಿದ್ದು ಒಂದೇ ಪ್ರಶ್ನೆ: "ಮಕ್ಕಳ ಸ್ಕೂಲ್ ಅರ್ಧದಲ್ಲಿ ಇರೋರು ಏನು ಮಾಡ್ಬೇಕು?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಉತ್ತರ ಸಿಗುವವರೆಗೆ ಪತ್ರ ಎರಡು ದಿನ ನಿಂತಿತು.