ಬಿದ್ದುಹೋಗುವ ಹಾಲುಹಲ್ಲಿಗೂ ಚಿಕಿತ್ಸೆ ಬೇಕೇ?

ಪ್ರಶ್ನೆ: ನನ್ನ ಮಗನಿಗೆ ಮೂರೂವರೆ ವರ್ಷ. ಮೇಲ್ಸಾಲಿನ ಮುಂದಿನ ಹಲ್ಲುಗಳು ಒಸಡಿನ ಬಳಿ ಕಂದುಗಟ್ಟಿ ಸವೆಯುತ್ತಿವೆ, ಕೆಳಗಿನವು ಚೆನ್ನಾಗಿವೆ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಕೊಡದಿದ್ದರೆ ಮಲಗುವುದಿಲ್ಲ. ಹೇಗೂ ಬೀಳುವ ಹಲ್ಲು, ಬಿಟ್ಟುಬಿಡಿ ಎನ್ನುತ್ತಾರೆ ಹಿರಿಯರು. ನಮ್ಮದು ಪಾವಗಡದ ಕಡೆ. ನೀರಿನಲ್ಲೇ ಫ್ಲೋರೈಡ್ ಇರುವಾಗ ಫ್ಲೋರೈಡ್ ಪೇಸ್ಟ್ ಬಳಸಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ಮುಂದಿನ ಹಾಲುಹಲ್ಲುಗಳು ಆರೇಳನೆಯ ವಯಸ್ಸಿಗೆ ಬೀಳುತ್ತವೆ, ನಿಜ. ಆದರೆ ದವಡೆಯ ಹಾಲುಹಲ್ಲುಗಳು ಹತ್ತು–ಹನ್ನೆರಡು ವರ್ಷದವರೆಗೂ ಇರಬೇಕಾದವು. ಅವು ಬೇಗ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಮುಂದೆ ಬರುವ ಶಾಶ್ವತ ಹಲ್ಲಿಗೆ ದಾರಿಯಿಲ್ಲದಂತಾಗುತ್ತದೆ.

ನೀವು ಬರೆದ ಲಕ್ಷಣವೇ ಕಾರಣವನ್ನು ಬಹುಮಟ್ಟಿಗೆ ಹೇಳುತ್ತದೆ. ಬಾಟಲಿ ಚೀಪುವಾಗ ಕೆಳಗಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ಜೊಲ್ಲು ತೊಳೆಯುತ್ತಿರುತ್ತದೆ. ಸಿಹಿ ಹಾಲು ನಿಲ್ಲುವುದು ಮೇಲಿನ ಹಲ್ಲುಗಳ ಸುತ್ತ. ಬಾಯಿಯ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಪಿಎಚ್ (ಆಮ್ಲೀಯತೆಯ ಅಳತೆ; ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ಖನಿಜ ಕರಗತೊಡಗುತ್ತದೆ. ಹಗಲಿನಲ್ಲಾದರೆ ಜೊಲ್ಲು ಆಮ್ಲವನ್ನು ತಗ್ಗಿಸಿ ಖನಿಜವನ್ನು ಮರಳಿ ತುಂಬುತ್ತದೆ, ಆದರೆ ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆಯಾಗುವುದರಿಂದ ಆ ರಕ್ಷಣೆ ಸಿಗುವುದಿಲ್ಲ. ಆದ್ದರಿಂದ ಮೊದಲು ನಿಲ್ಲಬೇಕಾದದ್ದು ರಾತ್ರಿಯ ಬಾಟಲಿ. ಒಮ್ಮೆಲೇ ಕಿತ್ತುಕೊಂಡರೆ ಮಗು ಹಟ ಹಿಡಿಯುವುದು ಸಹಜ. ಸಕ್ಕರೆ ಬಿಟ್ಟು, ದಿನದಿನಕ್ಕೆ ಹಾಲಿಗೆ ನೀರು ಹೆಚ್ಚಿಸುತ್ತ ಒಂದೆರಡು ವಾರದಲ್ಲಿ ಬರೀ ನೀರಿಗೆ ಬನ್ನಿ. ಹಾಲನ್ನು ಊಟದ ಜೊತೆ ಲೋಟದಲ್ಲಿ ಕೊಡಿ, ಹಲ್ಲುಜ್ಜಿದ ಮೇಲೆ ನೀರಲ್ಲದೆ ಬೇರೇನೂ ಬೇಡ.

ಈಗ ಮಗುವಿನ ತುಟಿಯನ್ನು ಮೇಲೆತ್ತಿ, ಬೆಳಕಿನಲ್ಲಿ ಉಳಿದ ಹಲ್ಲುಗಳನ್ನೂ ನೋಡಿ. ಒಸಡಿನ ಅಂಚಿಗೆ ಸುಣ್ಣದಂಥ ಮಂಕು ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹಂತ. ಅಲ್ಲಿ ಇನ್ನೂ ಕುಳಿ ಬಿದ್ದಿರುವುದಿಲ್ಲ, ಫ್ಲೋರೈಡ್‌ನಿಂದ ಅದನ್ನು ತಡೆಯಬಹುದು. ಕಂದುಗಟ್ಟಿ ಸವೆದ ಭಾಗ ತಾನಾಗಿ ಮೊದಲಿನಂತಾಗುವುದಿಲ್ಲ, ಅದನ್ನು ದಂತವೈದ್ಯರೇ ನೋಡಬೇಕು. ಒಸಡಿನಲ್ಲಿ ಕೀವಿನ ಗುಳ್ಳೆ, ಮುಖದ ಊತ ಅಥವಾ ಜ್ವರ ಕಾಣಿಸಿಕೊಂಡರೆ ಅದೇ ದಿನ ಕರೆದುಕೊಂಡು ಹೋಗಿ.

ಫ್ಲೋರೈಡ್ ಬಗೆಗಿನ ನಿಮ್ಮ ಭಯಕ್ಕೆ ಆಧಾರವಿದೆ, ಆದರೆ ನೀರು ಬೇರೆ, ಪೇಸ್ಟ್ ಬೇರೆ. ನೀರಿನ ಫ್ಲೋರೈಡ್ ಹೊಟ್ಟೆಗೆ ಹೋಗಿ, ಒಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲುಗಳ ಎನಾಮಲ್ ಕೆಡಿಸಬಹುದು. ಪೇಸ್ಟಿನದು ಮುಖ್ಯವಾಗಿ ಹೊರಮೈಯಲ್ಲಿ ಕೆಲಸ ಮಾಡುತ್ತದೆ, ನುಂಗಿದರೆ ಮಾತ್ರ ತೊಂದರೆ. ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧೀಕರಣ ಘಟಕದ ನೀರನ್ನೇ ಬಳಸಿ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಪೇಸ್ಟ್ ಬಟಾಣಿ ಕಾಳಿನಷ್ಟನ್ನು ಮೀರದಿರಲಿ, ಬೆಳಿಗ್ಗೆ ಮತ್ತು ಮಲಗುವ ಮುನ್ನ ನೀವೇ ಉಜ್ಜಿ ಉಗುಳಿಸಿ. ನಿಮ್ಮ ನೀರಿನ ವರದಿಯನ್ನು ದಂತವೈದ್ಯರಿಗೂ ತೋರಿಸಿ. ಮಗುವಿಗೆ ಎಷ್ಟು ಫ್ಲೋರೈಡ್ ಸೂಕ್ತ ಎಂಬುದನ್ನು ಅವರು ಅದನ್ನು ನೋಡಿಯೇ ಹೇಳಬೇಕಾಗುತ್ತದೆ.