ಮನೆಯ ಪ್ರಾಣಿ: ಇನ್ನೊಬ್ಬ ಡಾಕ್ಟರಿಗೆ ತೋರಿಸುವ ಮುನ್ನ

ಪ್ರಶ್ನೆ: ನಮ್ಮ ಕೆಂಚನಿಗೆ ಹದಿಮೂರು ವರ್ಷ, ಆಪರೇಷನ್ ಆದ ಗಂಡು ಬೆಕ್ಕು. ಹೋದ ವರ್ಷ 4.2 ಕೆ.ಜಿ. ಇದ್ದವನು ಈಗ 3.1. ಎರಡು ತಿಂಗಳಿಂದ ನೀರು ಕುಡಿಯುವುದು ಜಾಸ್ತಿಯಾಗಿತ್ತು, ಬೇಸಿಗೆಗೆ ಇರಬೇಕು ಅಂದುಕೊಂಡೆವು. ಐದು ದಿನದಿಂದ ಮೀನು ಕೂಡ ಮೂಸುವುದಿಲ್ಲ, ನೊರೆನೊರೆ ವಾಂತಿ. ಇಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು: ಕ್ರಿಯಾಟಿನಿನ್ 6.8, ಯೂರಿಯಾ 214. ಎರಡು ದಿನ ಡ್ರಿಪ್ ಹಾಕಿ, "ಎರಡೂ ಕಿಡ್ನಿ ಹೋಗಿವೆ, ನರಳಿಸುವುದು ಬೇಡ, ಇಂಜೆಕ್ಷನ್ ಕೊಟ್ಟುಬಿಡೋಣ" ಅಂದರು. ಹತ್ತು ವರ್ಷದಿಂದ ಅವರೇ ನೋಡುತ್ತಿದ್ದಾರೆ, ಬೇರೆಯವರ ಹತ್ತಿರ ಹೋದರೆ ಬೇಜಾರಾಗುತ್ತಾರೇನೋ. ಹೋದರೆ ಎಲ್ಲಿಗೆ ಹೋಗಬೇಕು, ಏನು ಕೇಳಬೇಕು?
– ಓದುಗರು, ಚಿಕ್ಕಮಗಳೂರು

ಉತ್ತರ: ಹೋಗಿ, ತಡ ಮಾಡಬೇಡಿ. ಮುಖ್ಯವಾದದ್ದನ್ನು ನಿಮ್ಮ ಪತ್ರ ಬಂದ ದಿನವೇ ಫೋನಿನಲ್ಲಿ ಹೇಳಿದ್ದೇವೆ. ಇದೇ ಸಂಕಟದಲ್ಲಿರುವ ಬೇರೆಯವರಿಗೂ ಆಗಲಿ ಎಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಕೆಂಚ ಉಚ್ಚೆ ಹೊಯ್ಯುತ್ತಿದ್ದಾನೆಯೇ? ಗಂಡು ಬೆಕ್ಕಿಗೆ ಮೂತ್ರನಾಳ ಕಟ್ಟಿಕೊಂಡರೂ ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ಕಶ್ಮಲ) ಹೀಗೇ ಏರುತ್ತದೆ. ಮತ್ತೆ ಮತ್ತೆ ಟ್ರೇಗೆ ಹೋಗಿ ಕೂತು, ತಿಣುಕಿ, ಹನಿ ಹನಿ ಬರುತ್ತಿದ್ದರೆ ಅಥವಾ ಏನೂ ಬರದಿದ್ದರೆ ದೂರದ ಊರಿಗೆ ಹೊರಡಬೇಡಿ. ಹತ್ತಿರದ ಡಾಕ್ಟರ ಹತ್ತಿರ ಅದೇ ಗಂಟೆಯಲ್ಲಿ ಹೋಗಿ. ಹೊಟ್ಟೆ ಹಿಸುಕಿ ನೋಡಲು ಹೋಗಬೇಡಿ, ಬಿಗಿದ ಮೂತ್ರಕೋಶ ಒಡೆಯಬಹುದು. ಕಟ್ಟು ಬಿಡಿಸಿದರೆ ಅಂಥ ಬೆಕ್ಕಿನ ಕ್ರಿಯಾಟಿನಿನ್ ಕೆಲವೇ ದಿನಗಳಲ್ಲಿ ಇಳಿಯುವುದುಂಟು, ಬಿಡಿಸದಿದ್ದರೆ ಎರಡು ಮೂರು ದಿನದಲ್ಲಿ ಜೀವ ಹೋಗುತ್ತದೆ.

ಉಚ್ಚೆ ಧಾರಾಳವಾಗಿ ಹೋಗುತ್ತಿದ್ದರೆ ಮುಂದಿನ ಮಾತು. ನೀವು ಕಳಿಸಿದ ಕಾಗದದಲ್ಲಿ ರಕ್ತದ ಎರಡು ಅಂಕಿ ಇವೆ, ಮೂತ್ರ ಪರೀಕ್ಷೆ ಇಲ್ಲವೇ ಇಲ್ಲ. ಎರಡನೇ ಅಭಿಪ್ರಾಯ ಬೇಕಾಗಿರುವುದು ಇದೇ ಕಾರಣಕ್ಕೆ. ಐದು ದಿನ ಉಪವಾಸ, ಜೊತೆಗೆ ವಾಂತಿ; ಮೈಯಲ್ಲಿ ನೀರು ಬತ್ತಿದ ಬೆಕ್ಕಿನ ಕ್ರಿಯಾಟಿನಿನ್ ಕಿಡ್ನಿಯ ನಿಜವಾದ ಸ್ಥಿತಿಗಿಂತ ಕೆಟ್ಟದಾಗಿ ಕಾಣುತ್ತದೆ. ಬೆಕ್ಕಿನ ಕಿಡ್ನಿ ರೋಗಕ್ಕೆ ಹಂತ ಗೊತ್ತುಮಾಡುವುದು ಐರಿಸ್ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟದ ಪಟ್ಟಿಯ ಪ್ರಕಾರ: ಕ್ರಿಯಾಟಿನಿನ್ 1.6ರಿಂದ 2.8 ಎರಡನೇ ಹಂತ, 2.9ರಿಂದ 5.0 ಮೂರನೆಯದು, 5.0 ದಾಟಿದರೆ ನಾಲ್ಕನೆಯದು. ಆದರೆ ಹಂತ ಬರೆಯಬೇಕಾದ್ದು ನೀರಿನ ಕೊರತೆ ಸರಿಪಡಿಸಿದ ಮೇಲೆ, ಒಂದಕ್ಕಿಂತ ಹೆಚ್ಚು ಸಲ ನೋಡಿ. ಕೆಂಚನ 6.8 ಡ್ರಿಪ್‌ಗೆ ಮುಂಚಿನ ಅಂಕಿ. ಎರಡು ದಿನ ಡ್ರಿಪ್ ಆದ ಮೇಲೆ ಎಷ್ಟಿದೆ ಎಂದು ಯಾರೂ ನೋಡಿಲ್ಲ. ಅದು 3.5ಕ್ಕೆ ಇಳಿದಿದ್ದರೆ ಅವನು ಮೂರನೇ ಹಂತದ ಬೆಕ್ಕು. ಆರೈಕೆ ಸರಿಯಾಗಿದ್ದರೆ ಅಂಥವು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಚೆನ್ನಾಗಿ ಬದುಕುತ್ತವೆ. ಮೂರು ದಿನ ಸರಿಯಾಗಿ ಡ್ರಿಪ್ ಕೊಟ್ಟ ಮೇಲೂ ಆರರ ಮೇಲೇ ನಿಂತಿದ್ದು, ಉಚ್ಚೆಯೂ ಕಡಿಮೆಯಾಗುತ್ತಿದ್ದರೆ ನಿಮ್ಮ ಡಾಕ್ಟರ ಮಾತೇ ಸರಿ ಇರಬಹುದು.

ಮೂತ್ರದಲ್ಲಿ ನೋಡಬೇಕಾದ್ದು ಸ್ಪೆಸಿಫಿಕ್ ಗ್ರ್ಯಾವಿಟಿ, ಅಂದರೆ ಉಚ್ಚೆ ಎಷ್ಟು ಗಟ್ಟಿ ಎಂಬ ಅಳತೆ. ಕಿಡ್ನಿ ಚೆನ್ನಾಗಿರುವ ಬೆಕ್ಕು ನೀರು ಬತ್ತಿದಾಗ ಉಚ್ಚೆಯನ್ನು ಗಟ್ಟಿ ಮಾಡುತ್ತದೆ, 1.035 ದಾಟುತ್ತದೆ. ಕಿಡ್ನಿ ಸೋತಿದ್ದರೆ ಉಚ್ಚೆ ನೀರಿನ ಹಾಗೆ ತೆಳುವಾಗಿ 1.008–1.012ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಡ್ರಿಪ್ ಏರಿದ ಮೇಲೆ ತೆಗೆದ ಉಚ್ಚೆ ಹೇಗೂ ತೆಳುವಾಗಿರುತ್ತದೆ, ಆ ಅಂಕಿಯಿಂದ ಉಪಯೋಗವಿಲ್ಲ. ಹಾಗಾಗಿ ಯಾವ ಬೆಕ್ಕಿಗೇ ಆಗಲಿ, ಮೊದಲು ಉಚ್ಚೆ, ಆಮೇಲೆ ಬಾಟಲಿ. ಕೆಂಚನಿಗೆ ಆ ಹೊತ್ತು ಮೀರಿದೆ. ಆದರೂ ಸೋಂಕು ಮತ್ತು ಪ್ರೋಟೀನ್ ನೋಡಲು ಮೂತ್ರ ಬೇಕೇ ಬೇಕು. ಕಿಡ್ನಿಗೆ ಸೋಂಕು ತಗಲಿದ್ದರೆ ಆಂಟಿಬಯೋಟಿಕ್‌ನಿಂದ ಸುಧಾರಿಸುವ ಅವಕಾಶವಿದೆ.

ಇನ್ನೊಂದು, ಹೊಟ್ಟೆಯ ಸ್ಕ್ಯಾನಿಂಗ್. ಎರಡು ಕಿಡ್ನಿಯೂ ಚಿಕ್ಕದಾಗಿ, ಅಂಚು ಉಬ್ಬುತಗ್ಗಾಗಿದ್ದರೆ ಹಳೆಯ ರೋಗ. ಒಂದು ಸುಕ್ಕಿ ಇನ್ನೊಂದು ಊದಿಕೊಂಡಿದ್ದರೆ ಮೂತ್ರವಾಹಿನಿಯಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು, ಆಗ ದಾರಿಯೇ ಬೇರೆ. ಇವುಗಳ ಜೊತೆಗೆ ಪೊಟ್ಯಾಷಿಯಂ, ರಂಜಕ, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಥೈರಾಯ್ಡ್‌ನ ಟಿ4 ಮತ್ತು ಬಿ.ಪಿ. ಕೇಳಿ. ಬಿ.ಪಿ.ಯನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ. ಮೇಲಿನ ಅಂಕಿ 160 ದಾಟಿಯೇ ಇದ್ದರೆ ಔಷಧಿ ಬೇಕಾಗುತ್ತದೆ. ಮನೆಯಲ್ಲಿ ನೀವೂ ನೋಡಬಹುದಾದ ಎರಡು ಗುರುತು ಇವೆ. ಬಾಗಿಲ ಬೆಳಕಿನಲ್ಲಿ ಕೂತಾಗಲೂ ಕಣ್ಣಿನ ಪಾಪೆ ಗೀರಿನಂತೆ ಸಣ್ಣಗಾಗದೆ ದುಂಡಗೆ ಅಗಲವಾಗೇ ಉಳಿದು, ಗೋಡೆಗೆ ಮೂತಿ ತಗಲಿಸುತ್ತಿದ್ದರೆ ಬಿ.ಪಿ. ಏರಿ ಕಣ್ಣು ಹೋಗುತ್ತಿರಬಹುದು. ಕತ್ತು ಎತ್ತಲಾಗದೆ ಗದ್ದ ಎದೆಗೆ ತಾಗುವಂತೆ ತಲೆ ಜೋತುಬಿದ್ದಿದ್ದರೆ ಪೊಟ್ಯಾಷಿಯಂ ಕುಸಿದಿರಬಹುದು. ಎರಡಕ್ಕೂ ಚಿಕಿತ್ಸೆ ಇದೆ.

ಅಷ್ಟರಲ್ಲಿ ಹೊಟ್ಟೆಯ ಗತಿ? ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ಬಂದು ತುಂಬಿಕೊಳ್ಳತೊಡಗುತ್ತದೆ, ಕಿಡ್ನಿಗಿಂತ ಮೊದಲು ಅದೇ ಪ್ರಾಣ ತೆಗೆಯಬಹುದು. ವಾಕರಿಕೆ ಇರುವಾಗ ಸಿರಿಂಜಿನಲ್ಲಿ ಹಾಲು, ಗಂಜಿ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಮ್ಯಾರೋಪಿಟೆಂಟ್‌ನಂಥ ವಾಂತಿ ನಿಲ್ಲಿಸುವ ಔಷಧಿ, ಆಮೇಲೆ ಹಸಿವಿಗೆ ಮಿರ್ಟಜಪೈನ್, ಅದಕ್ಕೂ ಬಗ್ಗದಿದ್ದರೆ ಮೂಗಿನ ನಳಿಕೆ. 3.1 ಕೆ.ಜಿ. ಬೆಕ್ಕಿಗೆ ದಿನಕ್ಕೆ ಸುಮಾರು 160 ಕ್ಯಾಲೊರಿ ಬೇಕು, ಆದರೆ ಇಷ್ಟು ದಿನ ಹಸಿದಿದ್ದವನಿಗೆ ಮೊದಲ ದಿನ ಅದರ ಮೂರನೇ ಒಂದು ಪಾಲು ಸಾಕು. ಒಮ್ಮೆಲೇ ಪೂರ್ತಿ ಕೊಟ್ಟರೆ ರಕ್ತದ ಲವಣಗಳು ಏರುಪೇರಾಗುತ್ತವೆ.

ಎಲ್ಲಿಗೆ ಅಂದರೆ, ನಿಮಗೆ ಹತ್ತಿರದ್ದು ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು, ಬೇಲೂರಿನ ಮೇಲೆ ಸುಮಾರು 60 ಕಿ.ಮೀ. ಅದೇ ವಿಶ್ವವಿದ್ಯಾಲಯದ ಕಾಲೇಜುಗಳು ಶಿವಮೊಗ್ಗದಲ್ಲೂ ಬೆಂಗಳೂರಿನ ಹೆಬ್ಬಾಳದಲ್ಲೂ ಇವೆ. ಹೊರಡುವ ಮುನ್ನ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಬೆಕ್ಕು ನೋಡುವ ಡಾಕ್ಟರು ಆ ದಿನ ಇರುತ್ತಾರೆಯೇ, ಸ್ಕ್ಯಾನಿಂಗ್ ಅವತ್ತೇ ಆಗುತ್ತದೆಯೇ, ಬೆಕ್ಕಿನ ಬಿ.ಪಿ. ನೋಡಲು ಸುತ್ತುವ ಪಟ್ಟಿ ಇದೆಯೇ. ಕೇಳದೆ ಹೋಗಿ, ಸೋತ ಬೆಕ್ಕನ್ನು ಬರಿಗೈಲಿ ವಾಪಸು ತರುವುದು ಬೇಡ.

ಗೋಣಿಚೀಲದಲ್ಲಿ ಒಯ್ಯಬೇಡಿ. ಎರಡು ಪ್ಲಾಸ್ಟಿಕ್ ಬುಟ್ಟಿ ಬಾಯಿಗೆ ಬಾಯಿ ಸೇರಿಸಿ ಕಟ್ಟಿದರೂ ಸಾಕು, ಒಳಗೆ ಅವನು ಮಲಗುತ್ತಿದ್ದ ಹಳೇ ಟವೆಲ್ ಹಾಸಿ, ಮೇಲೆ ಬಟ್ಟೆ ಮುಚ್ಚಿ. ಪ್ರಯಾಣಕ್ಕೆಂದು ನಿದ್ದೆ ಮಾತ್ರೆ ಕೊಡಬೇಡಿ. ಕೊಡುತ್ತಿರುವ ಔಷಧಿಯನ್ನು "ಹೊಸ ಡಾಕ್ಟರು ನೋಡಲಿ" ಎಂದು ನಿಲ್ಲಿಸಲೂಬೇಡಿ.

ನಿಮ್ಮ ಡಾಕ್ಟರ ವಿಷಯ. "ಸರ್, ಹಾಸನದಲ್ಲಿ ಒಂದು ಸ್ಕ್ಯಾನಿಂಗ್ ಮಾಡಿಸಿಕೊಂಡು ಬರ್ತೀವಿ. ರಿಪೋರ್ಟು, ಇಷ್ಟು ದಿನ ಕೊಟ್ಟ ಇಂಜೆಕ್ಷನ್ ಹೆಸರು, ಎಷ್ಟು ಡ್ರಿಪ್ ಹೋಯಿತು ಅನ್ನೋದು ಬರೆದುಕೊಡಿ" ಅನ್ನಿ. ಇಷ್ಟು ನೇರವಾಗಿ ಕೇಳಿದರೆ ಬೇಜಾರು ಮಾಡಿಕೊಳ್ಳುವವರು ಕಡಿಮೆ. ಮುಚ್ಚಿಟ್ಟು ಹೋಗುವುದರಲ್ಲಿ ನಷ್ಟ ನಿಮ್ಮದೇ: ನಾಳೆ ದಿನಾ ಚರ್ಮದಡಿ ನೀರು ಕೊಡಿಸಬೇಕಾದರೆ ಊರಿನಲ್ಲಿ ಅವರೇ ಬೇಕು.

ಪ್ರಶ್ನೆ: ನಮ್ಮ ಬೆಕ್ಕಿನ ಮೊದಲ ರಿಪೋರ್ಟಿನಲ್ಲಿ ಯೂರಿಯಾ 150 ಇತ್ತು. ಬೇರೆ ಲ್ಯಾಬಿನಲ್ಲಿ ಬಿಯುಎನ್ 75 ಬಂತು. ಅರ್ಧಕ್ಕೆ ಇಳಿದಿದೆಯಲ್ಲ, ಇನ್ನೊಬ್ಬರಿಗೆ ತೋರಿಸಬೇಕೇ?
– ಓದುಗರು, ಹಾಸನ

ಉತ್ತರ: ಇಳಿದಿಲ್ಲ. ಬಿಯುಎನ್ ಅಂದರೆ ಯೂರಿಯಾದೊಳಗಿನ ಸಾರಜನಕದ ಅಳತೆ. ಅದನ್ನು 2.14ರಿಂದ ಗುಣಿಸಿದರೆ ಯೂರಿಯಾ ಸಿಗುತ್ತದೆ. ನಿಮ್ಮ 75 ಅಂದರೆ ಯೂರಿಯಾ ಸುಮಾರು 160, ಹಾಗಾಗಿ ಸ್ವಲ್ಪ ಏರಿದೆ. ಕೆಲವು ಲ್ಯಾಬುಗಳು ಕ್ರಿಯಾಟಿನಿನ್ ಅನ್ನು ಮೈಕ್ರೋಮೋಲ್‌ನಲ್ಲಿ ಕೊಡುತ್ತವೆ, ಅದನ್ನು 88.4ರಿಂದ ಭಾಗಿಸಿ ಮಿಲಿಗ್ರಾಂ ಲೆಕ್ಕಕ್ಕೆ ತಂದು ಹೋಲಿಸಿ. ಮನುಷ್ಯರ ಲ್ಯಾಬಿನಲ್ಲಿ ಮಾಡಿಸಿದ ರಕ್ತಕಣಗಳ ಲೆಕ್ಕದ ಬಗ್ಗೆಯೂ ಎಚ್ಚರ. ಬೆಕ್ಕಿನ ಕೆಂಪು ಕಣ ತೀರಾ ಸಣ್ಣದು, ಪ್ಲೇಟ್‌ಲೆಟ್ಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೆಷಿನ್ ಒಂದನ್ನು ಇನ್ನೊಂದೆಂದು ಎಣಿಸಿಬಿಡುತ್ತದೆ. "ಪ್ಲೇಟ್‌ಲೆಟ್ ತೀರಾ ಕಮ್ಮಿ" ಎಂದು ಬಂದರೆ ಗಾಜಿನ ಸ್ಲೈಡಿನಲ್ಲಿ ಕಣ್ಣಾರೆ ನೋಡಲು ಹೇಳಿ. ಸಕ್ಕರೆಯೂ ಅಷ್ಟೇ: ಹೆದರಿದ ಬೆಕ್ಕಿಗೆ ರಕ್ತ ತೆಗೆಯುವ ಹೊತ್ತಿಗೇ ಸಕ್ಕರೆ ಏರುತ್ತದೆ, ಒಂದು ಅಂಕಿ ನೋಡಿ ಡಯಾಬಿಟಿಸ್ ಅನ್ನುವ ಹಾಗಿಲ್ಲ. ಹಿಂದಿನ ಕೆಲವು ವಾರಗಳ ಸರಾಸರಿ ಸಕ್ಕರೆ ತೋರಿಸುವ ಫ್ರಕ್ಟೋಸಮೈನ್ ಪರೀಕ್ಷೆ ಕೇಳಿ.

ಪ್ರಶ್ನೆ: ಹದಿನೈದು ವರ್ಷದ ಹೆಣ್ಣು ಬೆಕ್ಕು. ಕರುಳಿನಲ್ಲಿ ಗಡ್ಡೆ. ಒಬ್ಬರು ಕುಯ್ಯಬೇಕು ಅಂತಾರೆ, ಇನ್ನೊಬ್ಬರು ವಯಸ್ಸಾಗಿದೆ, ಸ್ಟೀರಾಯ್ಡ್ ಕೊಟ್ಟು ನೋಡೋಣ ಅಂತಾರೆ. ಮೂರನೆಯವರ ಹತ್ತಿರ ಹೋಗಬೇಕೇ?
– ಓದುಗರು, ಬೇಲೂರು

ಉತ್ತರ: ಮೂರನೆಯ ಡಾಕ್ಟರಿಗಿಂತ ಮೊದಲು ಸೂಜಿ ಪರೀಕ್ಷೆ ಆಗಬೇಕು. ಸ್ಕ್ಯಾನಿಂಗ್ ನೋಡುತ್ತಾ ತೆಳು ಸೂಜಿಯಿಂದ ಗಡ್ಡೆಯ ಕಣ ತೆಗೆದು ಪರೀಕ್ಷಿಸಿದರೆ ಅದು ಲಿಂಫೋಮವೋ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಬೇರೆಯೋ ಎಂಬುದು ಬಹಳಷ್ಟು ಸಲ ತಿಳಿಯುತ್ತದೆ. ಸ್ಟೀರಾಯ್ಡ್ ಶುರು ಮಾಡುವ ಮೊದಲೇ ಇದು ಆಗಲಿ, ಯಾಕೆಂದರೆ ಸ್ಟೀರಾಯ್ಡ್ ಬಿದ್ದ ಮೇಲೆ ಲಿಂಫೋಮದ ಕಣ ಕರಗಿ ಮಾದರಿಯಲ್ಲಿ ಏನೂ ಸಿಗದೆ ಹೋಗಬಹುದು. ಕುಯ್ಯುವುದೇ ಆದರೆ ಎದೆಯ ಎಕ್ಸ್‌ರೇ ಮೊದಲು. ಶ್ವಾಸಕೋಶಕ್ಕೆ ಹರಡಿದ್ದರೆ ಹೊಟ್ಟೆ ಕುಯ್ದು ಹಿಂಸೆ ಕೊಡುವುದರಲ್ಲಿ ಅರ್ಥವಿಲ್ಲ. ಬರೀ ವಯಸ್ಸು ಆಪರೇಷನ್‌ಗೆ ಅಡ್ಡಿಯಲ್ಲ, ಕಿಡ್ನಿ, ಹೃದಯ, ಬಿ.ಪಿ. ಹೇಗಿವೆ ಎಂಬುದೇ ಮುಖ್ಯ.

ಪ್ರಶ್ನೆ: ಎರಡನೇ ಡಾಕ್ಟರು ಮನೆಯಲ್ಲೇ ಚರ್ಮದಡಿ ಡ್ರಿಪ್ ಕೊಡಿ ಅಂದಿದ್ದಾರೆ. ಒಮ್ಮೆ ತೋರಿಸಿದರು, ಮನೆಗೆ ಬಂದ ಮೇಲೆ ಧೈರ್ಯ ಸಾಲುತ್ತಿಲ್ಲ.
– ಓದುಗರು, ಸಕಲೇಶಪುರ

ಉತ್ತರ: ಮೊದಲು ಬಾಟಲಿಯ ಮೇಲಿನ ಹೆಸರು ಓದಿ. ಬೇಕಾದ್ದು ರಿಂಗರ್ ಲ್ಯಾಕ್ಟೇಟ್, ಅಂದರೆ ಆರ್‌ಎಲ್. ಡಿಎನ್‌ಎಸ್ (ಉಪ್ಪುನೀರಿಗೆ ಗ್ಲೂಕೋಸ್ ಬೆರೆತದ್ದು) ಅಥವಾ ಗ್ಲೂಕೋಸ್ ಬಾಟಲಿಯನ್ನು ಚರ್ಮದಡಿ ಕೊಡಬೇಡಿ, ಕೀವು ಗಡ್ಡೆಯಾಗುತ್ತದೆ. ಪ್ರಮಾಣವನ್ನು ಡಾಕ್ಟರ ಕೈಲಿ ಬರೆಸಿಕೊಳ್ಳಿ, ನಾಲ್ಕು ಕೆ.ಜಿ. ಬೆಕ್ಕಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ 100 ಮಿ.ಲೀ. ಆಸುಪಾಸು.

ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ, ಎರಡು ಹನಿ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟುಕೊಂಡು ನೋಡಿ. ನಿಮ್ಮಲ್ಲಿ ಮಳೆಗಾಲದ ಚಳಿಗೆ ತಣ್ಣಗಿದ್ದದ್ದನ್ನೇ ಏರಿಸಿದರೆ ಬೆಕ್ಕು ನಡುಗುತ್ತದೆ, ಮಾರನೇ ದಿನ ಹತ್ತಿರವೇ ಬರುವುದಿಲ್ಲ. ಬಾಟಲಿಯನ್ನು ಕಿಟಕಿ ಸರಳಿಗೆ ಎತ್ತರದಲ್ಲಿ ನೇತುಹಾಕಿ, ನಳಿಕೆಯಿಂದ ಗಾಳಿ ಹೋಗುವವರೆಗೆ ಸ್ವಲ್ಪ ನೀರು ಹರಿಯಬಿಡಿ. 18 ಅಥವಾ 20 ಗೇಜ್‌ನ ಹೊಸ ಸೂಜಿ, ದಿನಾ ಹೊಸದೇ. ಹೆಗಲ ಮೂಳೆಗಳ ನಡುವಿನ ಚರ್ಮವನ್ನು ಗುಡಾರದ ಹಾಗೆ ಎತ್ತಿ ಹಿಡಿದು, ಅದರ ಬುಡಕ್ಕೆ, ಬೆನ್ನಿಗೆ ಸಮಾನಾಂತರವಾಗಿ ಚುಚ್ಚಿ. ಮೈ ಒದ್ದೆಯಾದರೆ ಸೂಜಿ ಆಚೆ ಬದಿಗೆ ತೂರಿದೆ ಎಂದರ್ಥ, ತೆಗೆದು ಬೇರೆ ಜಾಗಕ್ಕೆ ಹಾಕಿ. ಹನಿ ನಿಂತರೆ ಸೂಜಿಯನ್ನು ಕೊಂಚ ತಿರುಗಿಸಿ. ಐದರಿಂದ ಹತ್ತು ನಿಮಿಷದ ಕೆಲಸ. ಆಮೇಲೆ ಹೆಗಲ ಮೇಲೆ ನೀರಿನ ಗುಳ್ಳೆ ಏಳುತ್ತದೆ, ಮುಂಗಾಲಿನ ಕಡೆಗೆ ಜಾರುವುದೂ ಉಂಟು, ಹೆದರಬೇಡಿ.

ಹೆದರಬೇಕಾದ್ದು ಉಸಿರಿಗೆ. ನಿದ್ದೆಯಲ್ಲಿರುವಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ ದಿನಾ ಬರೆದಿಡಿ. ಮೂವತ್ತರೊಳಗೆ ಇರಬೇಕು. ಮೀರುತ್ತಿದ್ದರೆ, ಅಥವಾ ನಿನ್ನೆಯ ನೀರಿನ ಗುಳ್ಳೆ ಇವತ್ತೂ ಕರಗದೆ ಉಳಿದಿದ್ದರೆ, ಅವತ್ತಿನದು ಕೊಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಹೃದಯದ ತೊಂದರೆ ಇರುವ ಬೆಕ್ಕಿಗೆ ಈ ನೀರೇ ಮುಳುವಾಗುತ್ತದೆ.

ಪ್ರಶ್ನೆ: ಎರಡನೇ ಡಾಕ್ಟರೂ ಇನ್ನೇನೂ ಮಾಡುವಂತಿಲ್ಲ ಅಂದರು. ಯಾವ ದಿನ ಅಂತ ಹೇಗೆ ತಿಳಿಯುವುದು?
– ಓದುಗರು, ಕಡೂರು

ಉತ್ತರ: ಮುಖ ತೊಳೆದುಕೊಳ್ಳುವುದನ್ನು ಬಿಟ್ಟು, ನೀರಿನ ಬಟ್ಟಲ ಮುಂದೆ ಸುಮ್ಮನೆ ಕೂತು, ಇದ್ದಲ್ಲೇ ಒದ್ದೆ ಮಾಡಿಕೊಳ್ಳತೊಡಗಿದರೆ, ವಾಂತಿಯ ಔಷಧಿಗೂ ವಾಕರಿಕೆ ನಿಲ್ಲದಿದ್ದರೆ ಇನ್ನು ಕಾಯಿಸಬೇಡಿ. ಮೊದಲು ಮಂಪರಿನ ಇಂಜೆಕ್ಷನ್ ಕೊಟ್ಟು, ಪೂರ್ತಿ ನಿದ್ದೆ ಬಂದ ಮೇಲೆ ಕೊನೆಯದನ್ನು ಕೊಡಿ ಎಂದು ಡಾಕ್ಟರನ್ನು ಮುಂಚೆಯೇ ಕೇಳಿಕೊಳ್ಳಿ. ಕಣ್ಣು ತೆರೆದೇ ಇರುತ್ತದೆ, ಒಂದೆರಡು ಸಲ ಉಸಿರೆಳೆದಂತೆ ಆಗಬಹುದು. ಆ ಹೊತ್ತಿಗೆ ಅದಕ್ಕೆ ನೋವಿನ ಅರಿವಿರುವುದಿಲ್ಲ. ತೋಟದಲ್ಲಿ ಹೂಳುವುದಾದರೆ ಮೂರಡಿಗಿಂತ ಆಳ ತೋಡಿ ಮೇಲೆ ಕಲ್ಲು ಹೇರಿ. ಆ ಔಷಧಿ ಮೈಯಲ್ಲೇ ಉಳಿದಿರುತ್ತದೆ, ನಾಯಿ ನರಿ ಕೆದಕಿ ತಿಂದರೆ ಅವೂ ಸಾಯುತ್ತವೆ.