120 ಏರಿದ್ದೋ, 120ಕ್ಕೆ ಇಳಿದಿದ್ದೋ?

(ಆಕೆಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆಗೆ 26 ವರ್ಷ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಬಿ.ಕಾಂ. ಮುಗಿಸಿ, ಹೊರರಾಜ್ಯದ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಶಿವಮೊಗ್ಗದ ನನ್ನ ಆಪ್ತಸಮಾಲೋಚನೆ ಕೊಠಡಿಗೆ ಬಂದದ್ದು ಜುಲೈ ಮಳೆಯಲ್ಲಿ. ಕೂತ ಕೂಡಲೇ ಹೇಳಿದಳು: "ರಾಜೀನಾಮೆ ಬರೆದಿಟ್ಟಿದೀನಿ ಮೇಡಂ. ಕಳಿಸೋದೊಂದು ಬಾಕಿ."

ಆದದ್ದಿಷ್ಟು. ಪ್ರತಿ ತಿಂಗಳು ಒಂದು ಮೀಟಿಂಗ್. ಗ್ರಾಫ್ ತೋರಿಸಿ, ಆರ್ಡರ್ ಏರಿತಾ ಇಳಿಯಿತಾ ಅಂತ ಇಂಗ್ಲಿಷಿನಲ್ಲಿ ಹೇಳಬೇಕು. ಆ ತಿಂಗಳು 400 ಇದ್ದದ್ದು 520 ಆಗಿತ್ತು. ಖುಷಿಯ ಸುದ್ದಿ. ಈಕೆ "ಇನ್‌ಕ್ರೀಸ್ಡ್ ಟು 120" ಅಂದುಬಿಟ್ಟಳು. "400 ಇದ್ದದ್ದು 120 ಆದರೆ ಅದು ಏರಿಕೆ ಹೇಗೆ?" ಅಂತ ಯಾರೋ ಕೇಳಿದರು, ಇನ್ಯಾರೋ ನಕ್ಕರು. "ಬೈ 120" ಅನ್ನಬೇಕಿತ್ತು. ಆಕೆಗೆ ಬಾಯಿ ಒಣಗಿತು, ಮುಂದೆ ಮಾತು ಹೊರಡಲಿಲ್ಲ.

ಮುಂದಿನ ಎರಡು ಮೀಟಿಂಗಿಗೆ "ನೆಟ್‌ವರ್ಕ್ ಇಲ್ಲ" ಎಂದು ತಪ್ಪಿಸಿಕೊಂಡಳು. ಮಲೆನಾಡಿನ ಮಳೆಗಾಲದಲ್ಲಿ ಈ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ನನಗೆ ಚಿಂತೆಯಾದದ್ದು ಇಲ್ಲೇ. ತಪ್ಪಿಸಿಕೊಂಡ ದಿನ ಹಾಯೆನಿಸುತ್ತದೆ, ಹಾಗಾಗಿ ಮುಂದಿನ ಸಲ ಭಯ ಇನ್ನೂ ಜಾಸ್ತಿ ಆಗುತ್ತದೆ. ಮೀಟಿಂಗಿನ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಊಟ, ಉಳಿದ ದಿನಗಳ ನಿದ್ದೆ, ಕೆಲಸದ ಮೇಲಿನ ಮನಸ್ಸು ಸರಿಯಾಗಿತ್ತು. ಅವೂ ಕೆಟ್ಟಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ.

ಆಕೆಯ ನೋಟ್‌ಬುಕ್ ನೋಡಿದೆ. ಎರಡು ಪುಟ ತುಂಬ ಇಂಗ್ಲಿಷ್ ಪದಗಳು: ಸೋರ್ (ಜೋರಾಗಿ ಏರು), ಪ್ಲಮೆಟ್ (ಥಟ್ಟನೆ ಕುಸಿ), ಫ್ಲಕ್ಚುಯೇಟ್ (ಏರಿಳಿ). ಎಲ್ಲಾ ಬಾಯಿಪಾಠ. ಮೀಟಿಂಗಿನಲ್ಲಿ ಒಂದೂ ನೆನಪಾಗುತ್ತಿರಲಿಲ್ಲ. ನಾನು ಪುಸ್ತಕ ಮುಚ್ಚಿ, "ಈ ತಿಂಗಳು ಅಡಿಕೆ ಧಾರಣೆ ಹೇಗಿತ್ತು?" ಅಂತ ಕೇಳಿದೆ.

ಒಂದು ಕ್ಷಣವೂ ತಡವರಿಸಲಿಲ್ಲ. "ಮೊದಲ ವಾರ ಸ್ವಲ್ಪ ಇಳೀತು. ಆಮೇಲೆ ಹಂಗೇ ನಿಂತಿತ್ತು. ಮೊನ್ನೆಯಿಂದ ರಾಶಿ ಒಂದೇ ಸಮ ಏರ್ತಾ ಇದೆ, ಬೆಟ್ಟೆ ಮಾತ್ರ ಅಲ್ಲೇ ಇದೆ." (ರಾಶಿ, ಬೆಟ್ಟೆ ಅಡಿಕೆಯ ಬಗೆಗಳು.) ಇಳಿಕೆ, ಸ್ಥಿರ, ಏರಿಕೆ, ಹೋಲಿಕೆ, ಎಲ್ಲ ಬಂತು. ಗ್ರಾಫ್ ವಿವರಿಸುವುದು ಅಂದರೆ ಇದೇ ಅಲ್ವಾ?

ಆಮೇಲೆ ಮಾತು ಲಿಂಗನಮಕ್ಕಿ ಡ್ಯಾಂಗೆ ಬಂತು. ಅದರ ಪೂರ್ಣ ಮಟ್ಟ 1,819 ಅಡಿ. ಮಳೆಗಾಲದಲ್ಲಿ ಪೇಪರಿನಲ್ಲಿ ಆ ದಿನದ ಮಟ್ಟ ಬರುತ್ತದೆ. 1,800 ಇದ್ದದ್ದು 1,803 ಆಯಿತು ಅಂದುಕೊಳ್ಳಿ. "ಮೂರು ಅಡಿ ಏರಿತು" ಅನ್ನಬಹುದು, "1,803 ಅಡಿಗೆ ಏರಿತು" ಅಂತಲೂ ಅನ್ನಬಹುದು. ಆ "ಗೆ" ಇದ್ದ ಕಡೆ ಇಂಗ್ಲಿಷಿನ "ಟು". ಬರೀ "ಮೂರು ಅಡಿ" ಇದ್ದ ಕಡೆ "ಬೈ". "1,800ರಿಂದ" ಅನ್ನುವ ಕಡೆ "ಫ್ರಂ". ಆಕೆ ಒಂದು ನಿಮಿಷ ಸುಮ್ಮನಿದ್ದು, "ಅಂದ್ರೆ ನಾನು ಅವತ್ತು 'ಕ್ಕೆ' ಅಂದುಬಿಟ್ಟೆ" ಅಂದಳು. ಆ ವಾಕ್ಯ ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ಅಲ್ಲಿಯವರೆಗೆ ಆಕೆ "ನಾನು ದಡ್ಡಿ" ಅಂತಲೇ ಹೇಳುತ್ತಿದ್ದಳು. ಈಗ ತಪ್ಪಿಗೆ ಒಂದು ಅಳತೆ ಸಿಕ್ಕಿತು, ಅದು ಒಂದು ಅಕ್ಷರದಷ್ಟು.

"ರೈಸ್" ಮತ್ತು "ರೇಯ್ಸ್" ಗೊಂದಲವೂ ಹೀಗೇ ಬಿಡಿಸಿಕೊಂಡಿತು. ಬೆಲೆ ತಾನೇ ಏರಿದರೆ "ರೋಸ್", ಕಂಪನಿ ಏರಿಸಿದರೆ "ರೇಯ್ಸ್ಡ್". ಏರು, ಏರಿಸು. ಶೇಕಡಾದಲ್ಲಿ ಮಾತ್ರ ಕನ್ನಡದವರೂ ಎಡವುತ್ತೇವೆ. ವಾಪಸಾದ ಆರ್ಡರ್ ಶೇ. 4ರಿಂದ ಶೇ. 6 ಆದರೆ ಅದು ಎರಡು "ಪರ್ಸೆಂಟೇಜ್ ಪಾಯಿಂಟ್" ಏರಿಕೆ. ಶೇ. 2 ಏರಿಕೆ ಅಲ್ಲ, ಲೆಕ್ಕ ಹಾಕಿದರೆ ಶೇ. 50 ಏರಿಕೆ. ಇದನ್ನು ಕಾಗದದಲ್ಲಿ ಬರೆದು ತೋರಿಸಬೇಕಾಯಿತು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ದಿನಾ ಬೆಳಿಗ್ಗೆ ಡ್ಯಾಂ ಮಟ್ಟವನ್ನೋ ಧಾರಣೆಯನ್ನೋ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಜೋರಾಗಿ ಹೇಳು. ಆರು ಪದ ಸಾಕು: ರೋಸ್, ಫೆಲ್, ಸ್ಟೇಯ್ಡ್ ದ ಸೇಮ್, ಶಾರ್ಪ್ಲಿ, ಸ್ಲೋಲಿ, ಅಬೌಟ್. "ಫ್ಲಕ್ಚುಯೇಟ್" ನಾಲಿಗೆಗೆ ಒಗ್ಗದಿದ್ದರೆ "ವೆಂಟ್ ಅಪ್ ಅಂಡ್ ಡೌನ್" ಅನ್ನು, ಅದೂ ಸರಿಯಾದ ಇಂಗ್ಲಿಷೇ. ಮೊದಲ ವಾರ ಅಪ್ಪನ ಎದುರು, ಎರಡನೇ ವಾರ ಒಬ್ಬ ಸಹೋದ್ಯೋಗಿಗೆ ಫೋನಿನಲ್ಲಿ, ಆಮೇಲೆ ಮೀಟಿಂಗಿನಲ್ಲಿ ಒಂದೇ ವಾಕ್ಯ. ತಪ್ಪಿದರೆ "ಸಾರಿ, ಬೈ 120, ಟು 520" ಅಂತ ತಿದ್ದಿಕೊಂಡು ಮುಂದೆ ಹೋಗು. ನೆಟ್‌ವರ್ಕ್ ನೆಪ ಇನ್ನು ಬೇಡ. ರಾಜೀನಾಮೆ ಪತ್ರ ಹರಿಯುವುದೂ ಬೇಡ, ಮೂರು ತಿಂಗಳು ಹಾಗೇ ಇರಲಿ.

ಆಗಸ್ಟ್ ಮೀಟಿಂಗಿನಲ್ಲಿ ಆಕೆ ಮೂರು ವಾಕ್ಯ ಮಾತಾಡಿದಳು. ಎರಡನೆಯದರಲ್ಲಿ ಮತ್ತೆ "ಟು" ಬಂತು. ನಿಂತು, ತಿದ್ದಿಕೊಂಡಳು. ಈ ಸಲ ಯಾರೂ ನಗಲಿಲ್ಲವಂತೆ. ಹಿಂದಿನ ರಾತ್ರಿ ಐದು ಗಂಟೆ ನಿದ್ದೆ ಬಂದಿತ್ತು. ಕ್ಯಾಮೆರಾ ಮಾತ್ರ ಇನ್ನೂ ಆನ್ ಮಾಡಿಲ್ಲ. ಅದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.